ಉಕ್ಕಣ್ಣನ ಬಗ್ಗೆ ನಿಮಗೆ ಗೊತ್ತಿರಲಾರದ ಸಂಗತಿಗಳು

ಪಾತ್ರೆ ಅಂಗಡಿಗೆ ಹೋದರೆ ನನ್ನಿಂದ ಒಂದು ಚೇಷ್ಟೆ ನಡೆದೇ ನಡೆಯುತ್ತದೆ. ಅಕ್ಕಿ ಡಬ್ಬವೋ ಹಿಟ್ಟಿನ ಡಬ್ಬವೋ ಕಣ್ಣಿಗೆ ಬಿದ್ದರೆ ಸಾಕು, ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಒಳಗಿನಿಂದ ಯಾರಾದರೂ ಓಗೊಡುತ್ತಾರೇನೋ ಎಂಬಂತೆ ಒಂದು ಕ್ಷಣ ಕಾಯುತ್ತೇನೆ. ಅಂಗಡಿಯವನು ನನ್ನನ್ನು ಬಹಳ ಅನುಭವಸ್ಥ ಗಿರಾಕಿ ಎಂದುಕೊಂಡು, "ಒಳ್ಳೇ ಗೇಜು ಅಮ್ಮ, ಬಾಳಿಕೆ ಬರುತ್ತೆ" ಎನ್ನುತ್ತಾನೆ. ನನಗೆ ಗೇಜೂ ತಿಳಿಯದು, ಬಾಳಿಕೆಯೂ ತಿಳಿಯದು. ಚಿಕ್ಕವಳಿದ್ದಾಗ ಒಂದು ಸಲ ಹೀಗೆ ಕುಟ್ಟಿದ್ದಕ್ಕೆ ತಗಡಿನ ಒಳಗಿನಿಂದ ಉತ್ತರ ಬಂದಿತ್ತು, ಅಷ್ಟೆ. ಆವತ್ತು ಬೆಚ್ಚಿಬಿದ್ದವಳು ಈ ವಯಸ್ಸಿನಲ್ಲೂ ಪೂರ್ತಿ ಸುಧಾರಿಸಿಕೊಂಡಿಲ್ಲ.

ಅದನ್ನು ಹೇಳಬೇಕಾದರೆ ಉಕ್ಕಣ್ಣನ ವಿಷಯ ಹೇಳಬೇಕು. ಅವನನ್ನು ಕಣ್ಣಾರೆ ಕಂಡವರು ಕೆಲವರಾದರೂ ಭದ್ರಾವತಿಯಲ್ಲಿ, ಶಿವಮೊಗ್ಗದಲ್ಲಿ ಇನ್ನೂ ಇರಬೇಕು. ಈಗ ಅವರಿಗೂ ಮೊಣಕಾಲು ನೋವು ಶುರುವಾಗಿರುತ್ತದೆ. ಕಾಣದವರಿಗಾಗಿ ಹೇಳುತ್ತೇನೆ. ಉಕ್ಕಣ್ಣ ಒಬ್ಬ ತಗಡಿನ ಮನುಷ್ಯ. ಭದ್ರಾವತಿಯ ನಮ್ಮ ಜನ್ನಾಪುರದ ಕಾರ್ಮಿಕರು ಸೇರಿಕೊಂಡು ಆಡುತ್ತಿದ್ದ 'ಚಂದ್ರಲೋಕಕ್ಕೆ ಮೂರು ಟಿಕೆಟ್ಟು' ಎಂಬ ವೈಜ್ಞಾನಿಕ ನಾಟಕದಲ್ಲಿ, ಮೂವರು ಮನುಷ್ಯರ ಜೊತೆ ರಾಕೆಟ್ಟಿನಲ್ಲಿ ಚಂದ್ರನಿಗೆ ಹೋಗುವ ಯಂತ್ರ. ಆಕಾಶಕ್ಕೆ ಮನುಷ್ಯ ಹಾರಿ ಒಂದು ಸುತ್ತು ಹಾಕಿ ಬಂದ ಸುದ್ದಿ ಪೇಪರಿನಲ್ಲಿ ಓದಿ, ಊರಿನವರೆಲ್ಲ ಕತ್ತು ಎತ್ತಿಕೊಂಡೇ ನಡೆಯುತ್ತಿದ್ದ ಕಾಲ ಅದು.

ನಾಟಕ ಬರೆದವರು ನಮ್ಮಪ್ಪ. ಊರಿನ ಉಕ್ಕಿನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಉಕ್ಕಣ್ಣನ ಮೈ ಮಾಡಿದವನು ಮುನಿಸ್ವಾಮಿ. ಅಪ್ಪನ ಜೀವದ ಗೆಳೆಯ, ತಗಡಿನ ಕೆಲಸದಲ್ಲಿ ಪಳಗಿದ ಕೈ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಉಕ್ಕಣ್ಣನ ಕಣ್ಣುಗಳ ಜಾಗದಲ್ಲಿ ಟಾರ್ಚಿನ ಬಲ್ಬುಗಳು ಉರಿಯುತ್ತಿದ್ದವು, ಎದೆಯ ಮೇಲೆ ಕೆಟ್ಟುಹೋದ ಗಡಿಯಾರದ ಮುಖವಿತ್ತು. ಮಾತು ಮಾತ್ರ ಎಲ್ಲಿಂದಲೋ ಪಾತಾಳದಿಂದ ಬಂದಂತೆ ಗುಂಯ್‌ಗುಡುತ್ತಿತ್ತು. "ನಾನು ಉಕ್ಕಣ್ಣ. ನನಗೆ ಹಸಿವಿಲ್ಲ. ನನಗೆ ಭಯವಿಲ್ಲ. ಅಪ್ಪಣೆಯಾಗಲಿ" ಎಂದು ಅವನು ಅಂದರೆ ನಾಟಕದ ಹಾಲ್‌ನಲ್ಲಿ ಪಿಟ್ಟೆನ್ನುವ ಸದ್ದಿರುತ್ತಿರಲಿಲ್ಲ.

ಕಾರ್ಖಾನೆಯ ಪಾಳಿಯ ಜನಕ್ಕೆ ಅನುಕೂಲವಾಗಲೆಂದು ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ. ಎರಡಕ್ಕೇ ಮಕ್ಕಳೆಲ್ಲ ಹೋಗಿ ಮುಂದಿನ ಜಮಖಾನೆ ಹಿಡಿದಿರುತ್ತಿದ್ದೆವು. ನನಗೆ ಹನ್ನೊಂದು ವರ್ಷ. ನಾನು ಉಕ್ಕಣ್ಣನಿಗೆ ಎಷ್ಟು ಮರುಳಾಗಿದ್ದೆ ಎಂದರೆ, ಒಲೆಯ ಮೇಲಿನ ಹಾಲು ನೋಡಿ ಅಮ್ಮ "ಉಕ್ತು, ಉಕ್ತು!" ಎಂದು ಕೂಗಿದರೂ ನಾನು ಅಡುಗೆಮನೆಗೆ ಹೋಗದೆ ಬೀದಿಬಾಗಿಲಿಗೆ ಓಡುತ್ತಿದ್ದೆ. ಮದುವೆ ಅಂತ ಆದರೆ ಉಕ್ಕಣ್ಣನನ್ನೇ ಆಗುವುದು ಎಂದು ಎದುರು ಮನೆಯ ಗೆಳತಿಗೆ ಆಣೆ ಇಟ್ಟು ಹೇಳಿದ್ದೆ. ಅವಳು, "ತುಕ್ಕು ಹಿಡಿದ್ರೆ ಏನೇ ಮಾಡ್ತೀಯ?" ಎಂದು ಕೇಳಿದಳು. "ದಿನಾ ಎಣ್ಣೆ ಹಚ್ತೀನಿ" ಎಂದಿದ್ದೆ. ಸಂಸಾರದ ಬಗ್ಗೆ ನನಗೆ ಆಗಲೇ ಅಷ್ಟು ತಿಳಿವಳಿಕೆಯಿತ್ತು.

ನನಗಿದ್ದ ಒಂದೇ ಕೊರಗೆಂದರೆ ಅಮ್ಮ ನಾಟಕಕ್ಕೆ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನವೇ ಅವಳಿಗೆ ಹೊಲಿಗೆ ಕ್ಲಾಸು. ಅಪ್ಪ ಬರೆದ ನಾಟಕ, ಊರೆಲ್ಲ ನೋಡುತ್ತದೆ, ಇವಳು ಮಾತ್ರ ಸೂಜಿ ದಾರ ಕಟ್ಟಿಕೊಂಡು ಹೋಗುತ್ತಾಳಲ್ಲ ಎಂದು ಸಿಟ್ಟು.

ಇಲ್ಲಿ ನಮ್ಮ ಮನೆಯ ಪದ್ಧತಿ ಸ್ವಲ್ಪ ಹೇಳಬೇಕು. ಮನೆಯಲ್ಲಿ ಇದ್ದದ್ದು ನಾಲ್ಕೇ ಜನ: ಅಪ್ಪ, ಅಮ್ಮ, ನಾನು, ಅಪ್ಪನ ಅಪ್ಪ. ಅಜ್ಜ ಶಿವಮೊಗ್ಗದಲ್ಲಿ ಜವಳಿ ಅಂಗಡಿ ಇಟ್ಟಿದ್ದವರು. ಅಂಗಡಿಯನ್ನು ದೊಡ್ಡಪ್ಪನಿಗೆ ಬಿಟ್ಟು, ಕಣ್ಣಿನ ಪೊರೆ ತೆಗೆಸಿಕೊಂಡು, ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ನಮ್ಮಲ್ಲಿ ಬಂದು ಇದ್ದರು. ಎರಡು ಹೊತ್ತೂ ಶಿವಪೂಜೆ, ಹಣೆ ತುಂಬ ವಿಭೂತಿ, ಕಡಿಮೆ ಮಾತು. ಸೊಸೆಯ ಜೊತೆ ಮಾತಾಡುವುದು ಅವರ ಲೆಕ್ಕದಲ್ಲಿ ಮರ್ಯಾದೆಯಲ್ಲ. ಅವರು ಕೆಮ್ಮಿದ ಸದ್ದಾದರೆ ಸಾಕು, ಅಮ್ಮನ ಕೈ ತಾನಾಗಿಯೇ ಮೇಲೆ ಹೋಗಿ ಸೆರಗನ್ನು ಹಣೆಯವರೆಗೆ ಎಳೆದುಕೊಳ್ಳುತ್ತಿತ್ತು. ಅಪ್ಪನೂ ಅಷ್ಟೆ, ಹಿರಿಯರ ಎದುರು ಹೆಂಡತಿಯ ಜೊತೆ ಒಂದು ಮಾತೂ ಇಲ್ಲ. ಹಾಗಾಗಿ ನಮ್ಮ ಮನೆಯ ಟೆಲಿಫೋನು ನಾನು.

"ಗಿರಿಜಾ, ನಿಮ್ಮಮ್ಮಂಗೆ ಹೇಳು, ಸಾರಿಗೆ ಉಪ್ಪು ಕಮ್ಮಿ ಆಗಿದೆ."

ಅಮ್ಮ ನಾಲ್ಕು ಅಡಿ ದೂರದಲ್ಲಿ ಸೌಟು ಹಿಡಿದು ನಿಂತಿರುತ್ತಿದ್ದಳು. ಆದರೂ ನಾನು ತಿರುಗಿ, "ಅಮ್ಮ, ಉಪ್ಪು ಕಮ್ಮಿಯಂತೆ" ಎನ್ನಬೇಕು. ಅಮ್ಮ ನನ್ನ ಕಿವಿಯಲ್ಲಿ, "ಉಪ್ಪಿನಕಾಯಿ ಹಾಕ್ಕೋಬೇಕಂತೆ ಅನ್ನು" ಎನ್ನಬೇಕು. ಅದನ್ನು ನಾನು ಅಜ್ಜನಿಗೆ ಮುಟ್ಟಿಸಬೇಕು. ನನಗೆ ಜ್ವರ ಬಂದ ದಿನಗಳಲ್ಲಿ ನಮ್ಮ ಮನೆ ಹೇಗೆ ನಡೆಯುತ್ತಿತ್ತೋ ಶಿವನಿಗೇ ಗೊತ್ತು.

ಅಮ್ಮನ ಹೊಲಿಗೆ ಕ್ಲಾಸಿನ ಬಗ್ಗೆಯೂ ಅಜ್ಜ ಟೆಲಿಫೋನ್ ಮಾಡಿದ್ದುಂಟು. "ಕೇಳು ನಿಮ್ಮಮ್ಮನ್ನ, ಆರು ತಿಂಗಳಿಂದ ಹೊಲಿತಾನೇ ಇದಾಳೆ. ಒಂದು ಚಡ್ಡಿಯಾದ್ರೂ ಹೊರಗೆ ಬರಬೇಡ್ವಾ?" ಜವಳಿ ವ್ಯಾಪಾರಿಯ ಪ್ರಶ್ನೆ, ಸುಲಭದ್ದಲ್ಲ. ಅಮ್ಮ, "ಇನ್ನೂ ಕಾಜಾ ಹೇಳಿಕೊಡ್ತಿದಾರಂತೆ ಅನ್ನು" ಎಂದು ಒಳಗೆ ಹೋಗಿಬಿಟ್ಟಳು.

ಈಗ ಆ ಭಾನುವಾರಕ್ಕೆ ಬರುತ್ತೇನೆ. ನಾಟಕದ ನಡುವೆ ಪರದೆ ಬಿದ್ದು, ಜನ ಬೀಡಿ ಸೇದಲು ಹೊರಗೆ ಹೋಗಿದ್ದರು. ನಾನು ಉಕ್ಕಣ್ಣನಿಗೆಂದು ಕೋಡುಬಳೆ ಕದ್ದು ತಂದಿದ್ದೆ. ಹಸಿವಿಲ್ಲ ಎಂದು ಅವನು ಹೇಳುವುದು ಸಂಕೋಚಕ್ಕೆ ಎಂದು ನನ್ನ ಬಲವಾದ ಅನುಮಾನ. ಹಿಂಬಾಗಿಲಿನಿಂದ ನುಸುಳಿ ನೋಡಿದರೆ, ಉಕ್ಕಣ್ಣ ಗೋಡೆಗೆ ಒರಗಿ ನಿಂತಿದ್ದ. ಅಪ್ಪ ಮೊರದಿಂದ ಅವನಿಗೆ ಗಾಳಿ ಬೀಸುತ್ತಾ, ಒಂದು ರಬ್ಬರ್ ಕೊಳವೆಯನ್ನು ಅವನ ಬಾಯಿಯ ಸಂದಿಗೆ ಹಿಡಿದು, "ಇನ್ನೊಂಚೂರು ಕುಡಿ. ಸಾಕಾ? ಇನ್ನೊಂದು ಗುಟುಕು" ಎನ್ನುತ್ತಿದ್ದರು. ಅಪ್ಪನ ಬಾಯಲ್ಲಿ ಅಷ್ಟು ಮೆತ್ತನೆಯ ಮಾತು ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಯಾರೋ ಕರೆದರು, ಅಪ್ಪ ಆ ಕಡೆ ಹೋದರು. ನಾನು ಮೆಲ್ಲಗೆ ಹತ್ತಿರ ಹೋಗಿ ಉಕ್ಕಣ್ಣನ ಹೊಟ್ಟೆಯ ಮೇಲೆ ಗೆಣ್ಣಿನಿಂದ ಎರಡು ಸಲ ಕುಟ್ಟಿದೆ.

"ಉಕ್ಕಣ್ಣ?"

ತಗಡಿನ ಒಳಗಿನಿಂದ ಉತ್ತರ ಬಂತು. "ಜಡೆ ಯಾಕೇ ಬಿಚ್ಚೋಗಿದೆ? ಹೀಗೇ ಬಂದ್ಯಾ ಬೀದಿಯಲ್ಲಿ?"

ಅಮ್ಮನ ಧ್ವನಿ.

ಕೋಡುಬಳೆ ನೆಲಕ್ಕೆ ಬಿತ್ತು. ನನಗೆ ಆ ಕ್ಷಣಕ್ಕೆ ಹೊಳೆದದ್ದು ಒಂದೇ ಅರ್ಥ, ಅದನ್ನೇ ಗಂಟಲು ಹರಿಯುವಂತೆ ಕಿರುಚಿದೆ: "ಅಪ್ಪಾ! ಉಕ್ಕಣ್ಣ ಅಮ್ಮನ್ನ ನುಂಗಿದಾನೆ!"

ಓಡಿ ಬಂದ ಅಪ್ಪ ನನ್ನ ಬಾಯಿ ಮುಚ್ಚಿದರು. ಮುನಿಸ್ವಾಮಿ ಸ್ಕ್ರೂಡ್ರೈವರ್ ಹಿಡಿದು ಬಂದು ಉಕ್ಕಣ್ಣನ ಕತ್ತಿನ ಎರಡು ತಿರುಪು ಬಿಚ್ಚಿ ತಲೆ ಎತ್ತಿದ. ಒಳಗೆ ಅಮ್ಮನ ಮುಖ. ಬೆವರಿಗೆ ವಿಭೂತಿ ಕರಗಿ ಮೂಗಿನ ಮೇಲೆ ಇಳಿದಿತ್ತು, ಕೂದಲು ಕೆನ್ನೆಗೆ ಅಂಟಿತ್ತು, ಕೆನ್ನೆ ಕೆಂಪಗಿತ್ತು. ಅವಳು ನಗುತ್ತಿದ್ದಳು. ನನಗೆ ಅಳು ಒತ್ತರಿಸಿ ಬಂತು. ಬೇರೆ ಮಕ್ಕಳಿಗೆ ಗುಟ್ಟು ಗೊತ್ತಾದರೆ ಒಂದೇ ಆಘಾತ, ನನಗೆ ಎರಡು. ನಾನು ಮದುವೆಯಾಗಬೇಕೆಂದಿದ್ದವನು ನನ್ನ ತಾಯಿ!

"ಅಜ್ಜಂಗೆ ಹೇಳಿದ್ಯೋ, ಅಷ್ಟೆ" ಎಂದರು ಅಪ್ಪ. ಆಗ ನನಗೆ ವಿಷಯ ಎಷ್ಟು ದೊಡ್ಡದೆಂದು ತಿಳಿಯಿತು. ಹೆಂಗಸಿನ ಪಾತ್ರವನ್ನೂ ಗಂಡಸರೇ ಮೀಸೆ ಬೋಳಿಸಿಕೊಂಡು ಮಾಡುತ್ತಿದ್ದ ಗುಂಪು ಅದು. ಅಲ್ಲಿ ಅಜ್ಜನ ಸೊಸೆ, ತಗಡು ತೊಟ್ಟು, ಊರಿನ ಎದುರು.

ಅದು ಹೇಗಾಯಿತೆಂದು ಅಮ್ಮ ಆಮೇಲೆ ನನಗೆ ಜಡೆ ಹಾಕುತ್ತಾ ಹೇಳಿದಳು. ಉಕ್ಕಣ್ಣನ ಮೈಯನ್ನು ಅಳತೆ ತೆಗೆದು ಮಾಡಿದ್ದು ದಾಸಪ್ಪ ಎಂಬ ಗಿಡ್ಡ ಆಸಾಮಿಗೆ. ಅವನು ಮೊದಲ ಆಟದಲ್ಲೇ ಸೆಕೆ ತಡೆಯದೆ ಚಂದ್ರನ ಮೇಲೆ ಪ್ರಜ್ಞೆ ತಪ್ಪಿ ಬಿದ್ದ. "ಇನ್ನು ನಾನು ಅದರೊಳಗೆ ಹೋಗಲ್ಲ ಮಾರಾಯ" ಎಂದುಬಿಟ್ಟ. ಮಾರನೆಯ ವಾರ ಅಜ್ಜ ಶಿವಮೊಗ್ಗಕ್ಕೆ ಹೋಗಿದ್ದಾಗ, ಮುನಿಸ್ವಾಮಿ ಆ ಮೈಯನ್ನು ಗೋಣಿಯಲ್ಲಿ ಸುತ್ತಿ ನಮ್ಮ ಹಿತ್ತಿಲಿಗೆ ತಂದ. ಅಪ್ಪ ತಾವೇ ಹಾಕಿಕೊಳ್ಳಲು ಹೋಗಿ ಭುಜದ ಹತ್ತಿರ ಸಿಕ್ಕಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಸೋಪಿನ ನೀರು ಹಾಕಿ ಎಳೆದು ತೆಗೆಯಬೇಕಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮ ನಗು ತಡೆಯಲಾರದೆ ಕುಸಿದು ಕೂತಳಂತೆ. ಅಪ್ಪನಿಗೆ ರೇಗಿ, "ನಗೋರು ಒಂದ್ಸಲ ಹಾಕ್ಕೊಂಡು ನೋಡ್ಲಿ" ಎಂದರಂತೆ.

"ಹಾಕ್ಕೊಂಡೆ" ಎಂದಳು ಅಮ್ಮ, ಜಡೆಗೆ ರಿಬ್ಬನ್ನು ಬಿಗಿಯುತ್ತಾ. "ಹಿತ್ತಿಲಲ್ಲಿ ಎಂಟು ಹೆಜ್ಜೆ ನಡೆದು ತಿರುಗಿದೆ. ನಿಮ್ಮಪ್ಪನೂ ಮುನಿಸ್ವಾಮಿನೂ ನಗೋದು ನಿಲ್ಲಿಸಿ ನೋಡ್ತಾ ನಿಂತರು."

ಉಕ್ಕಣ್ಣನ ಆ ನಡಿಗೆಗೆ ಊರೇ ಬೆರಗಾಗಿತ್ತು. ಪುಟ್ಟ ಪುಟ್ಟ ಹೆಜ್ಜೆ, ಅಳತೆ ತಪ್ಪದ ಹೆಜ್ಜೆ. "ಯಂತ್ರ ಅಂದ್ರೆ ಹೀಗೇ ನಡೀಬೇಕು, ಎಷ್ಟು ಅಭ್ಯಾಸ ಮಾಡಿರಬೇಕು" ಎಂದು ನಮ್ಮ ಮೇಷ್ಟರೊಬ್ಬರು ಕ್ಲಾಸಿನಲ್ಲೇ ಹೊಗಳಿದ್ದರು. ಒಳಗೆ ಸೀರೆ ಉಟ್ಟುಕೊಂಡಿದ್ದರೆ ಯಾವ ಯಂತ್ರವಾದರೂ ಹಾಗೇ ನಡೆಯಬೇಕು ಎಂದು ಅವರಿಗೆ ಯಾರು ಹೇಳಬೇಕು? ಉಕ್ಕಣ್ಣ ಎಂದೂ ಕೂರುತ್ತಿರಲಿಲ್ಲ. ಅದರಲ್ಲಿ ಯಂತ್ರಯುಗದ ದೊಡ್ಡ ಸಂದೇಶವಿದೆ ಎಂದು ಒಬ್ಬರು ಭಾಷಣ ಮಾಡಿದ್ದರು. ಮುನಿಸ್ವಾಮಿ ಮೊಣಕಾಲಿಗೆ ಕೀಲು ಹಾಕುವುದನ್ನು ಮರೆತಿದ್ದ. ಇನ್ನು ಆ ಪಾತಾಳದ ಧ್ವನಿ ಅಪ್ಪನದು. ಪರದೆಯ ಹಿಂದೆ, ನಮ್ಮ ಬಚ್ಚಲಮನೆಯ ತಾಮ್ರದ ಕೊಡದೊಳಗೆ ಬಾಯಿಟ್ಟು ಮಾತಾಡುತ್ತಿದ್ದರು. ಪರದೆಗೆ ಒಂದು ತೂತು ಮಾಡಿಕೊಂಡು ಅಮ್ಮನ ಕೈ ನೋಡುತ್ತಿದ್ದರು. ಅವಳ ಕೈ ಎದ್ದರೆ ಇವರ ಮಾತು ಹೊರಡುತ್ತಿತ್ತು. ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಓಡಾಡುತ್ತಿದ್ದ ಇಬ್ಬರು, ವಾರಕ್ಕೊಮ್ಮೆ ಎರಡು ಗಂಟೆ ಒಂದೇ ಜೀವವಾಗಿ ಚಂದ್ರನ ಮೇಲೆ ಇರುತ್ತಿದ್ದರು. ಇದನ್ನು ಈಗ ಬರೆಯುವಾಗ ನನಗೆ ಹೊಳೆಯುತ್ತಿದೆ, ಆಗ ಹೊಳೆದಿರಲಿಲ್ಲ. ಆಗ ನನ್ನ ಚಿಂತೆಯೆಲ್ಲ ಗುಟ್ಟು ಬಾಯಿಂದ ಜಾರದಂತೆ ನೋಡಿಕೊಳ್ಳುವುದು. ಮನೆಯ ಟೆಲಿಫೋನಿಗೆ ಗುಟ್ಟು ಇಟ್ಟುಕೋ ಎಂದರೆ ಕಷ್ಟವಲ್ಲವೇ?

ಆಮೇಲೆ ಯಾರೂ ಎಣಿಸಿರದ ಒಂದು ಸಂಗತಿ ನಡೆಯಿತು. ಮುನಿಸ್ವಾಮಿ, ಹಿರಿಯರಲ್ಲವೇ ಎಂದು ಗೌರವಕ್ಕೆ ಅಜ್ಜನನ್ನು ನಾಟಕಕ್ಕೆ ಕರೆದ. ಬರುವುದಿಲ್ಲ ಎಂಬ ಧೈರ್ಯದಿಂದಲೇ ಕರೆದದ್ದು. ಅಜ್ಜ ಕೋಲು ಹಿಡಿದು ಹೊರಟೇಬಿಟ್ಟರು. ಮುಂದಿನ ಸಾಲಿನ ಕುರ್ಚಿ, ಪಕ್ಕದಲ್ಲಿ ನಾನು. ಅಜ್ಜನ ಕಣ್ಣಿಗೆ ವೇದಿಕೆಯ ಮೇಲಿನ ಮನುಷ್ಯರೆಲ್ಲ ಮಸುಕು. ಆದರೆ ದೀಪದ ಬೆಳಕಿಗೆ ಫಳಫಳ ಹೊಳೆಯುವ ಉಕ್ಕಣ್ಣನೊಬ್ಬ ಮಾತ್ರ ಸ್ಪಷ್ಟವಾಗಿ ಕಂಡ.

"ಅದ್ಯಾರೇ ಅದು? ಎಷ್ಟು ಚೆನ್ನಾಗಿ ಕಾಣ್ತಾನೆ!"

"ಉಕ್ಕಣ್ಣ, ಅಜ್ಜ" ಎಂದೆ.

ಅಂದಿನಿಂದ ಅಜ್ಜ ಉಕ್ಕಣ್ಣನ ಪರಮ ಭಕ್ತ. ಒಂದು ಭಾನುವಾರವೂ ತಪ್ಪಿಸಿಕೊಳ್ಳಲಿಲ್ಲ. ಊಟಕ್ಕೆ ಕೂತಾಗಲೂ ಅವನದೇ ಮಾತು. "ಎಂಥ ವಿನಯ ಅವನದು! ದೊಡ್ಡೋರ ಮುಂದೆ ಕತ್ತು ಎತ್ತಲ್ಲ. ಹೇಳಿದ್ದು ಒಂದೇ ಸಲಕ್ಕೆ ಮಾಡ್ತಾನೆ. ಗಿರಿಜಾ, ನಿಮ್ಮಮ್ಮಂಗೆ ಹೇಳು, ಆ ತಗಡಿನೋನ್ನ ನೋಡಿ ಕಲೀಬೇಕು ಅಂತ."

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅಪ್ಪನಿಗೆ ಅನ್ನ ನೆತ್ತಿಗೆ ಹತ್ತಿತು.

ಉಕ್ಕಣ್ಣನ ಹೆಸರು ಶಿವಮೊಗ್ಗಕ್ಕೂ ಹೋಯಿತು. ಒಯ್ದವರು ಅಜ್ಜನೇ. ಅಲ್ಲಿಯ ಹಳೆಯ ಜವಳಿ ಸ್ನೇಹಿತರ ಎದುರು ಕೊಚ್ಚಿಕೊಂಡರು. ಅವರು ಒಂದು ಹಾಲ್ ಗೊತ್ತುಮಾಡಿ, ಭಾನುವಾರ ಮಧ್ಯಾಹ್ನದ ಆಟಕ್ಕೆ ಕರೆದರು. ಅಷ್ಟೇ ಆಗಿದ್ದರೆ ಸರಿಯಿತ್ತು. ಆಟದ ಕೊನೆಗೆ ಉಕ್ಕಣ್ಣನಿಗೆ ಸನ್ಮಾನ, ಶಾಲು ಹೊದಿಸುವವರು ನಮ್ಮಜ್ಜ.

"ಮುಖ ನೋಡೇ ಹೊದಿಸ್ತೀನಿ" ಎಂದರು ಅಜ್ಜ, ಅಪ್ಪನ ಹತ್ತಿರ. "ಒಳಗಿರೋ ಹುಡುಗ ಯಾರ ಮನೆಯೋನು ಅಂತ ನಾಲ್ಕು ಜನಕ್ಕೆ ತಿಳೀಬೇಕು. ಕಷ್ಟಪಡೋನು ಅವನು, ಹೆಸರು ನಿಮ್ಮದು."

ಅಜ್ಜ ಪೂಜೆಗೆ ಕೂತ ಹೊತ್ತಿನಲ್ಲಿ ಹಿತ್ತಿಲಲ್ಲಿ ಮೂವರ ಸಭೆ ಸೇರಿತು. ಅಪ್ಪ, "ಇದೊಂದು ಸಲ ದಾಸಪ್ಪನ್ನೇ ಒಳಗೆ ಹಾಕೋಣ" ಎಂದರು.

"ಆಗಲ್ಲ ಸಾರ್" ಎಂದ ಮುನಿಸ್ವಾಮಿ. "ಈಗ ದಾಸಪ್ಪನ ಹೊಟ್ಟೆಗೆ ನನ್ನ ತಗಡು ಸಾಲಲ್ಲ."

"ಹಾಗಾದ್ರೆ ಆಟಾನೇ ಬೇಡ. ನನಗೆ ಹುಷಾರಿಲ್ಲ ಅಂತೀನಿ."

ಅಮ್ಮ ಬಾವಿಕಟ್ಟೆಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಕೈ ನಿಲ್ಲಿಸಿ, ತಲೆ ಎತ್ತಿ ಅಂದಳು: "ನಾನು ಬರ್ತೀನಿ. ಇಷ್ಟು ದಿನ ನಡೆದಿದೀನಿ. ಶಿವಮೊಗ್ಗದಲ್ಲಿ ಇನ್ಯಾರೋ ನನ್ನ ಹೆಜ್ಜೆ ಹಾಕೋದು ಬೇಡ."

ಅವಳು ಅಪ್ಪನಿಗೆ ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೊನೆಗೆ ಮುನಿಸ್ವಾಮಿ ಉಪಾಯ ಹೇಳಿದ: "ತಲೆಗೆ ಬೆಸುಗೆ ಹಾಕಿಬಿಟ್ಟಿದೀವಿ, ಕಾರ್ಖಾನೆಗೆ ಹೋಗಿನೇ ಬಿಚ್ಚಬೇಕು ಅಂತ ನಾನು ಹೇಳ್ತೀನಿ. ದೊಡ್ಡೋರು ಹಾಗೇ ಶಾಲು ಹಾಕ್ಲಿ."

ಆ ಭಾನುವಾರ ಅಮ್ಮ ಶಿವಮೊಗ್ಗದ ರಾಗಿಗುಡ್ಡದಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿಬರುತ್ತೇನೆಂದು ನನ್ನ ಮೂಲಕ ಅಜ್ಜನಿಗೆ ಹೇಳಿಸಿ, ಬೆಳಗಿನ ಬಸ್ಸಿಗೇ ಹೊರಟಳು. ಉಕ್ಕಣ್ಣನ ಮೈ ಲಾರಿಯಲ್ಲಿ ಹೋಯಿತು. ನಾನು ಅಜ್ಜನ ಕೈ ಹಿಡಿದು ಹನ್ನೆರಡರ ಬಸ್ಸು ಹತ್ತಿದೆ. ಅವರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ರುಮಾಲು ಸುತ್ತಿ, ಶಾಲಿನ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಒಳ್ಳೇ ಮಾಲು ಕಣೇ, ಮುಟ್ಟಿ ನೋಡು" ಎಂದು ದಾರಿಯುದ್ದಕ್ಕೂ ಮೂರು ಸಲ ಬಿಚ್ಚಿ ತೋರಿಸಿದರು. ಮೂರು ಸಲವೂ ನಾನು ಮುಟ್ಟಿ ನೋಡಿದೆ.

ಹಾಲ್ ಕಿಕ್ಕಿರಿದಿತ್ತು. ನಾಟಕ ಯಾವತ್ತಿಗಿಂತ ಚೆನ್ನಾಗಿ ನಡೆಯಿತು. ಮುಗಿದ ಮೇಲೆ ಮೂವರು ನಟರು ಕೈಮುಗಿದು ನಿಂತರು. ಉಕ್ಕಣ್ಣ ನಡುವೆ ನಿಂತ. ಅಜ್ಜನನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ಅಜ್ಜ ಅವರ ಕೈ ಬಿಡಿಸಿಕೊಂಡು, ಕೋಲೂರುತ್ತಾ, ಶಾಲನ್ನು ತೋಳಿನ ಮೇಲೆ ಹಾಕಿಕೊಂಡು ತಾವೇ ಮುಂದೆ ಹೋದರು. ಅಭ್ಯಾಸಬಲ, ಹತ್ತಿರ ಹೋಗುವ ಮುಂಚೆ ಒಂದು ಸಲ ಕೆಮ್ಮಿದರು.

ಉಕ್ಕಣ್ಣನ ಬಲಗೈ ಎದ್ದಿತು. ಕಿರ್ರೆಂದು ತಗಡು ಉಜ್ಜಿದ ಸದ್ದು. ಆ ಕೈ ತಲೆಯ ಮೇಲಕ್ಕೆ ಹೋಗಿ, ಅಲ್ಲಿಲ್ಲದ ಏನನ್ನೋ ಹಿಡಿದು, ಹಣೆಯವರೆಗೆ ಎಳೆದುಕೊಂಡಿತು. ಸಿಗಲಿಲ್ಲವೆಂದು ಇನ್ನೊಮ್ಮೆ ಹೋಗಿ, ಇನ್ನೊಮ್ಮೆ ಎಳೆದುಕೊಂಡಿತು.

ಹಾಲ್ ಬಿದ್ದು ಬಿದ್ದು ನಕ್ಕಿತು. ಯಂತ್ರ ಸೆರಗು ಎಳೆದುಕೊಳ್ಳುತ್ತದೆಂದರೆ ಯಾರಿಗೆ ನಗು ಬರುವುದಿಲ್ಲ? ನಗದವರು ನಾಲ್ಕೇ ಜನ. ನಾನು, ಪರದೆಯ ಹಿಂದೆ ಕೊಡ ಹಿಡಿದಿದ್ದ ಅಪ್ಪ, ಮೂಲೆಯಲ್ಲಿದ್ದ ಮುನಿಸ್ವಾಮಿ, ಮತ್ತು ಅಜ್ಜ. ಅಜ್ಜ ನಿಂತಲ್ಲೇ ಕಲ್ಲಾಗಿದ್ದರು. ಆ ದಪ್ಪ ಕನ್ನಡಕದ ಹಿಂದೆ ಅವರ ಕಣ್ಣು ಅಗಲವಾಗುತ್ತಾ ಹೋದದ್ದು ಮುಂದಿನ ಸಾಲಿನಲ್ಲಿದ್ದ ನನಗೆ ಕಾಣುತ್ತಿತ್ತು. ಆ ಕೈ, ಆ ಎಳೆತ, ಅಮ್ಮ ಸೊಸೆಯಾಗಿ ಬಂದ ಹನ್ನೆರಡು ವರ್ಷದಿಂದ ಅವರು ಕೆಮ್ಮಿದಾಗಲೆಲ್ಲ ಅವರ ಎದುರೇ ನಡೆದದ್ದು. ಸೊಸೆಯ ಮುಖವನ್ನು ಅವರು ಸರಿಯಾಗಿ ನೋಡಿರಲಿಕ್ಕಿಲ್ಲ. ಆ ಕೈಯನ್ನು ನೋಡಿದ್ದರು.

ಕೋಲು ಅವರ ಕೈಯಿಂದ ಜಾರಿ ಬಿತ್ತು. ಈಗ ಆಯಿತು ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

ಬೈಗುಳ ಕೇಳಿಸಲಿಲ್ಲ. ಚಪ್ಪಾಳೆ ಕೇಳಿಸಿತು. ಕಣ್ಣು ಬಿಟ್ಟರೆ, ಅಜ್ಜ ಶಾಲು ಬಿಡಿಸಿ ಹಿಡಿದಿದ್ದರು. ಭುಜಕ್ಕೆ ಹೊದಿಸಬೇಕಾದ ಶಾಲನ್ನು ಉಕ್ಕಣ್ಣನ ತಲೆಯ ಮೇಲೆ ಹಾಕಿ, ಹಣೆಯವರೆಗೆ ಎಳೆದು, ಎರಡೂ ಕಡೆ ಸರಿಮಾಡಿದರು. ಗಿರಾಕಿಗೆ ಬಟ್ಟೆ ತೋರಿಸುವಾಗ ಹೇಗೋ ಹಾಗೆ, ಅಂಚು ಹಿಡಿದು, ನಿಧಾನವಾಗಿ.

"ತಲೆ ತೆಗೆಸ್ರಿ! ಮುಖ ನೋಡೋಣ!" ಎಂದು ಹಿಂದಿನಿಂದ ಕೂಗು ಎದ್ದಿತು. ಜವಳಿ ಸ್ನೇಹಿತರೂ ದನಿಗೂಡಿಸಿದರು. ಮುನಿಸ್ವಾಮಿ ಮುಂದೆ ಬಂದು, "ಬೆಸುಗೆ ಸಾರ್... ಬೆಸುಗೆ..." ಎಂದು ತೊದಲಿದ.

ಅಜ್ಜ ಕೈ ಎತ್ತಿದರು. "ಬೇಡ. ಯಾರ ಮನೆಯೋರು ಅಂತ ನನಗೆ ಗೊತ್ತಾಯ್ತು. ಮರ್ಯಾದಸ್ಥರ ಮನೆಯೋರು. ಅಷ್ಟು ಸಾಕು."

ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಆ ಧ್ವನಿ ಮೆಚ್ಚುಗೆಯದೋ ಕೋಪದ್ದೋ ತಿಳಿಯಲಿಲ್ಲ.

ವಾಪಸು ಬಸ್ಸಿನಲ್ಲಿ ಅಜ್ಜ ಕಿಟಕಿಯ ಕಡೆ ಮುಖ ಮಾಡಿ ಕೂತರು. ಅಪ್ಪ ಎರಡು ಸಾಲು ಹಿಂದೆ. ಸಂಜೆ ಅಮ್ಮ ಬೇರೆ ಬಸ್ಸಿನಲ್ಲಿ ಬಂದಳು, ತಂಗಿ ಕೊಟ್ಟಳೆಂದು ಒಂದು ಗಂಟು ಹಲಸಿನ ಹಪ್ಪಳ ಹಿಡಿದುಕೊಂಡು. ಪಾಪ, ನಿಜವಾಗಿಯೂ ಹೋಗಿ ತಂದಿದ್ದಳು.

ಮೂರು ದಿನ ನಮ್ಮ ಮನೆಯಲ್ಲಿ ಮಾತೇ ಇರಲಿಲ್ಲ. ಅಜ್ಜ ನನ್ನನ್ನೂ ಕರೆಯಲಿಲ್ಲ. ಉಪ್ಪು ಹೆಚ್ಚಾದರೂ ಉಂಡರು, ಕಮ್ಮಿಯಾದರೂ ಉಂಡರು. ಅಪ್ಪ ಆಫೀಸಿಗೆ ಬೇಗ ಹೋಗಿ ತಡವಾಗಿ ಬರತೊಡಗಿದರು. ಅಮ್ಮ ಹಿತ್ತಿಲಲ್ಲಿ ಅಪ್ಪನಿಗೆ, "ಇನ್ನು ಸಾಕು. ನಾನು ನಿಜವಾಗ್ಲೂ ಹೊಲಿಗೆಗೇ ಸೇರ್ಕೊತೀನಿ" ಎಂದದ್ದು ಕಿವಿಗೆ ಬಿತ್ತು. ಹಾಗೆ ಹೇಳಿ ಅವಳು ಗೋಡೆಯ ಕಡೆ ತಿರುಗಿಕೊಂಡಳು.

ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜ ರೊಟ್ಟಿ ಮುರಿಯುತ್ತಾ, ತಟ್ಟೆ ನೋಡಿಕೊಂಡೇ ಕೇಳಿದರು:

"ಒಳಗೆ ಉಸಿರಾಡೋಕಾಗುತ್ತೇನಮ್ಮ?"

ನಾನು ರೂಢಿಯಂತೆ ತಿರುಗಿ, "ಅಮ್ಮ, ಅಜ್ಜ ಕೇಳ್ತಿದಾರೆ, ಒಳಗೆ..." ಎಂದು ಶುರು ಮಾಡಿದೆ.

"ನೀನು ಸುಮ್ನಿರೇ. ನಾನು ಅವಳನ್ನ ಕೇಳ್ತಿರೋದು."

ಅಪ್ಪನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರವೇ ನಿಂತಿತು. ಅಮ್ಮ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಅಂದಳು: "ಆಗುತ್ತೆ ಮಾವ. ಮೂಗಿನ ಹತ್ರ ಆರು ತೂತಿದಾವೆ."

ಅಜ್ಜ ಆ ತುತ್ತು ಅಗಿದು ನುಂಗಿದರು. ಆಮೇಲೆ ಅಪ್ಪನಿಗೆ, "ಮುನಿಸ್ವಾಮಿಗೆ ಹೇಳಿ ಇನ್ನೊಂದಾರು ಹೊಡೆಸು" ಎಂದರು. ಇದರ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು. ಆ ಭಾನುವಾರ ಮೂರಕ್ಕೆ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು.

ಉಕ್ಕಣ್ಣನ ಕೊನೆಯ ಆಟದ ಸಂಗತಿ ಹೇಳಿ ಮುಗಿಸುತ್ತೇನೆ. ನಾಟಕದ ಕೊನೆಯ ದೃಶ್ಯ ಹೇಗಿತ್ತೆಂದು ನಿಮಗೆ ಇಷ್ಟು ಹೊತ್ತೂ ಹೇಳಲೇ ಇಲ್ಲ. ಚಂದ್ರನಿಂದ ವಾಪಸು ಹೊರಡುವಾಗ ರಾಕೆಟ್ಟಿನಲ್ಲಿ ಎಣ್ಣೆ ಸಾಲುವುದಿಲ್ಲ, ಒಬ್ಬರು ಉಳಿಯಬೇಕು. ಮನುಷ್ಯರು ಮೂವರೂ ನೀನು ತಾನು ಎಂದು ಜಗಳವಾಡುತ್ತಾರೆ. ಉಕ್ಕಣ್ಣ, "ನಾನು ಉಳಿಯುತ್ತೇನೆ" ಎನ್ನುತ್ತಾನೆ. ಎಲ್ಲರೂ ಹೋದ ಮೇಲೆ ಅವನೊಬ್ಬನೇ ನಿಂತು, ಹಿಂದಿನಿಂದ ದೀಪ ಇಟ್ಟ ನೀಲಿ ಬಣ್ಣದ ಮೊರವೊಂದನ್ನು, ಅದೇ ನಮ್ಮ ಭೂಮಿ, ನೋಡುತ್ತಾ ನಾಲ್ಕು ಮಾತಾಡುತ್ತಾನೆ. ಪರದೆ ಬೀಳುತ್ತದೆ. ಮಕ್ಕಳು ಅಳುತ್ತಾ ಮನೆಗೆ ಹೋಗುತ್ತಾರೆ. ಪ್ರತಿ ವಾರವೂ ಇದೇ.

ಆ ಮಧ್ಯಾಹ್ನವೂ ಉಕ್ಕಣ್ಣ ಒಬ್ಬನೇ ನಿಂತಿದ್ದ. "ಭೂಮಿಯೇ, ಇಲ್ಲಿಂದ ನೀನು ಎಷ್ಟು ಸಣ್ಣವಳು" ಎಂದು ಕೊಡದ ಧ್ವನಿ ಹೇಳುತ್ತಿದ್ದಾಗ, ಉಕ್ಕಣ್ಣನ ಎರಡೂ ಕೈಗಳು ಥಟ್ಟನೆ ಬಂದು ಹೊಟ್ಟೆಯ ತಗಡಿನ ಮೇಲೆ ಬಿದ್ದವು. ಠಣ್ಣೆಂದು ಸದ್ದಾಯಿತು. ಧ್ವನಿ ಅರ್ಧದಲ್ಲೇ ನಿಂತಿತು. ಕೈಗಳು ಅಲ್ಲಿಂದ ಕದಲಲಿಲ್ಲ. ಜನ ಕಾದರು. ಏನೋ ಕೆಟ್ಟಿತು ಎಂದುಕೊಂಡೆ.

ಏನೂ ಕೆಟ್ಟಿರಲಿಲ್ಲ. ಉಕ್ಕಣ್ಣನಿಗೆ ಆಗ ಐದು ತಿಂಗಳು ತುಂಬಿತ್ತು. ಅಪ್ಪನೊಬ್ಬರಿಗೇ ಗೊತ್ತಿದ್ದ ವಿಷಯ. ಅಜ್ಜನಿಗೆ ಇನ್ನೂ ತಿಳಿಸಿರಲಿಲ್ಲ, ನನಗಂತೂ ಯಾರು ಹೇಳುತ್ತಾರೆ? ಅಮ್ಮ ಸ್ವಲ್ಪ ಮೈ ತುಂಬಿಕೊಂಡಿದ್ದಾರೆಂದು ಮುನಿಸ್ವಾಮಿ ಹೊಟ್ಟೆಯ ಹತ್ತಿರ ಎರಡು ಬೆರಳು ಅಗಲದ ಪಟ್ಟಿ ಕೂಡಿಸಿದ್ದ, ಅಷ್ಟೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಎದೆ ಝಲ್ಲೆನ್ನುತ್ತದೆ. ಆ ಸೆಕೆಯಲ್ಲಿ, ಆ ತಗಡಿನಲ್ಲಿ! ನನ್ನ ತಮ್ಮ ಮೊದಲ ಸಲ ಒದ್ದದ್ದು ಆ ಗಳಿಗೆಯಲ್ಲೇ ಎಂದು ಅಮ್ಮ ಆಮೇಲೆ ಹೇಳಿದಳು. ಪರದೆಯ ತೂತಿನಿಂದ ಕೈಗಳನ್ನೇ ನೋಡುತ್ತಿದ್ದ ಅಪ್ಪನಿಗೆ ಅದು ಅರ್ಥವಾಗಿತ್ತು.

ಕೊಡದೊಳಗಿನಿಂದ ಧ್ವನಿ ಮತ್ತೆ ಬಂತು. ನಡುಗುತ್ತಿತ್ತು.

"ಭೂಮಿಯಿಂದ... ಭೂಮಿಯಿಂದ ಕರೆ ಬಂದಿದೆ. ನಾನು ಮನೆಗೆ ಹೋಗುತ್ತೇನೆ."

ಉಕ್ಕಣ್ಣ ತಿರುಗಿದ. ಹೊಟ್ಟೆಯ ಮೇಲಿನ ಕೈ ತೆಗೆಯದೆ, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ, ಚಂದ್ರನನ್ನು ದಾಟಿಕೊಂಡು ಒಳಗೆ ನಡೆದುಹೋದ. ಮಕ್ಕಳೆಲ್ಲ ಜಮಖಾನೆಯಿಂದ ಎದ್ದು ಕುಣಿಯತೊಡಗಿದರು.

ಅಜ್ಜನಿಗೆ ಅಷ್ಟು ಹೊತ್ತಿಗೆ ನಾಟಕ ಪೂರ್ತಿ ಬಾಯಿಪಾಠವಾಗಿತ್ತು. ಅವರು ನನ್ನ ಕಡೆ ಬಾಗಿ, ಆ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿ ತಂದು ಕೇಳಿದರು:

"ಇದು ಹೊಸದಲ್ವೇನೇ?"

"ಹೌದಜ್ಜ" ಎಂದೆ. "ಹೊಸದು."